ಯಾವ ತಳಿ, ಯಾವ ನಂಬರು?
ಸಂಘದ ಜಾಲತಾಣಕ್ಕೆ ತಗಲಿದ ರೋಗದ ವೃತ್ತಾಂತ

ಕಳೆದ ಎಳ್ಳಮಾವಾಸ್ಯೆಯ ಮಧ್ಯಾಹ್ನ ನಾವು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಗ್ರಾಮದ ಒಂದು ಹೊಲದಲ್ಲಿ, ತೊಗರಿ ಸಾಲಿನ ಪಕ್ಕ ಕಂಬಳಿ ಹಾಸಿಕೊಂಡು ಊಟಕ್ಕೆ ಕುಳಿತಿದ್ದೆವು. ಕಾಫಿ ಕೊಯಿಲು, ಅಡಿಕೆ ಸುಲಿತ ಎರಡೂ ಜೋರಾಗಿರುವ ದಿನಗಳಲ್ಲಿ ಕಾರ್ಯದರ್ಶಿಗೆ ಅಷ್ಟು ದೂರ ಏನು ಕೆಲಸವಿತ್ತೆಂದು ಸದಸ್ಯರು ಕೇಳಬಹುದು. ಸಹಕಾರಿ ಸಂಘಗಳ ಗಣಕೀಕರಣದ ಬಗ್ಗೆ ಕಲಬುರಗಿಯಲ್ಲಿ ಎರಡು ದಿನಗಳ ತರಬೇತಿ ಇತ್ತು. ನಮ್ಮ ಕಚೇರಿಯಲ್ಲಿ ಮೂರು ವರ್ಷಗಳಿಂದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿರುವ ಹುಡುಗ ಕಿಣ್ಣಿ ಸುಲ್ತಾನದವನೇ. ಜೊತೆಗೆ ಬಂದವನು, ಹಬ್ಬದ ದಿನ ಊರಿಗೆ ಬರದೆ ಹಿಂದಿರುಗಿದರೆ ಅಪ್ಪ ಬೈಯುತ್ತಾರೆಂದು ನಮ್ಮನ್ನೂ ಕರೆದೊಯ್ದ.

ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಯೆಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆಗೆ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ ಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಬಡಿಸಿದರು. ಮಲೆನಾಡಿನ ನಮ್ಮ ಕಣ್ಣಿಗೆ ಆ ಬಯಲು ಒಂದು ಬೆರಗು. ದೃಷ್ಟಿ ಹರಿಯುವಷ್ಟು ದೂರ ಒಂದು ನೆರಳಿನ ಮರವಿಲ್ಲ, ಕರಿಮಣ್ಣು, ತೊಗರಿ, ಕಡಲೆ, ಬಿಳಿಜೋಳ.

ಎರಡನೆಯ ರೊಟ್ಟಿಗೆ ಕೈ ಹಾಕಿದ್ದೆವು. ಬೆಂಗಳೂರಿನಿಂದ ನಮ್ಮ ಸದಸ್ಯರೊಬ್ಬರ ಮಗನ ಫೋನು ಬಂತು. ಅಂದಿನ ರಾಶಿ ಇಡಿ ದರ ನೋಡಲು ಗೂಗಲ್‌ನಲ್ಲಿ ಸಂಘದ ಹೆಸರು ಹಾಕಿದರೆ, ನಮ್ಮದೇ ಹೆಸರಿನ ಕೆಳಗೆ ಜೂಜಾಟದ ಜಾಹೀರಾತುಗಳು, ಅದೂ ಅರ್ಥವಾಗದ ಯಾವುದೋ ಭಾಷೆಯಲ್ಲಿ, ಸಾಲುಗಟ್ಟಿ ಬರುತ್ತಿವೆಯಂತೆ. ನಾವು ಕೂಡಲೇ ನಮ್ಮ ಮೊಬೈಲಿನಲ್ಲಿ ಸಂಘದ ಜಾಲತಾಣ ತೆರೆದು ನೋಡಿದೆವು. ಎಂದಿನ ಹಾಗೆ ಕಾಫಿ ಗಿಡದ ಚಿತ್ರ, ಅಡಿಕೆ ಗೊನೆಯ ಚಿತ್ರ, ದರಪಟ್ಟಿ, ಮೈಲುತುತ್ತದ ಮುಂಗಡ ಕಟ್ಟುವ ಬ್ಯಾಂಕ್ ಖಾತೆಯ ನಂಬರು, ಎಲ್ಲವೂ ಸರಿಯಾಗಿದ್ದವು. “ಎಂತದೂ ಆಗಿಲ್ಲ ಮಾರಾಯ, ನಿನ್ನ ಫೋನಿನ ದೋಷವಿರಬೇಕು” ಎಂದು ಫೋನಿಟ್ಟೆವು.

ಹುಡುಗ ಮಾತ್ರ ಊಟ ನಿಲ್ಲಿಸಿದ್ದ. ತನ್ನ ಫೋನಿನಲ್ಲಿ ನೇರವಾಗಿ ತೆರೆಯದೆ, ಗೂಗಲ್ ಮೂಲಕವೇ ನಮ್ಮ ತಾಣಕ್ಕೆ ಹೋದ. ಜೂಜಿನ ಪುಟ ತೆರೆಯಿತು. “ಸರ, ಇದು ಸಣ್ಣ ಮಾತ ಅಲ್ರಿ. ಒಳಗ ಯಾರೋ ಹೊಕ್ಕಾರ. ನೇರ ಬಂದವರಿಗೆ ಒಂದ ಮಾರಿ ತೋರಸ್ತದ, ಗೂಗಲ್‌ನಿಂದ ಬಂದವರಿಗೆ ಇನ್ನೊಂದ ಮಾರಿ” ಎಂದ.

ಆಗ ನಮ್ಮ ಮನಸ್ಸಿಗೆ ಮೊದಲು ಬಂದದ್ದು ಜೂಜಾಟವಲ್ಲ, ಆ ಖಾತೆಯ ನಂಬರು. ಜೂಜಿನ ಪುಟ ಅಂಟಿಸಿದ ಕೈಗೆ ಖಾತೆಯ ಒಂದು ಅಂಕಿ ತಿದ್ದುವುದು ಎಷ್ಟು ಹೊತ್ತಿನ ಕೆಲಸ? ಮುಂಗಡ ಕಟ್ಟುವ ಸದಸ್ಯರಲ್ಲಿ ಅನೇಕರು ಆ ಪುಟವನ್ನು ನೋಡಿಯೇ ಹಣ ಕಳಿಸುತ್ತಾರೆ. ಒಂದೊಂದೇ ಅಂಕಿಯನ್ನು ಪಾಸ್‌ಬುಕ್ಕಿನ ಚಿತ್ರಕ್ಕೆ ಹೋಲಿಸಿದೆವು. ಬದಲಾಗಿರಲಿಲ್ಲ. ಗೂಗಲ್ ಮೂಲಕ ಬಂದವರಿಗೆ ತೋರಿದ ಪುಟದಲ್ಲಿ ಏನಿತ್ತೋ, ಹಿಂದಿನ ವಾರ ಏನಿತ್ತೋ ಅದನ್ನು ಆ ಹೊತ್ತಿಗೆ ಹೇಳಲು ನಮ್ಮ ಬಳಿ ಯಾವ ದಾರಿಯೂ ಇರಲಿಲ್ಲ. ಬ್ಯಾಂಕಿನ ಲೆಕ್ಕ ತಾಳೆ ನೋಡಿ, ಕಟ್ಟಿದವರ ಹಣವೆಲ್ಲ ಬಂದಿದೆಯೆಂದು ಖಾತ್ರಿಯಾದದ್ದು ಮರುದಿನ ಮಧ್ಯಾಹ್ನ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ನಮ್ಮ ಗಾಬರಿ ನೋಡಿ ಹುಡುಗನ ತಂದೆ ಏನಾಯಿತೆಂದು ವಿಚಾರಿಸಿದರು. ಮಗ ತನ್ನ ಭಾಷೆಯಲ್ಲಿ ವಿವರಿಸಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತೊಗರಿ ಒಣಗ್ಯಾವ ಅಂದ್ರ ಮದಲ ಯಾವ ಬೀಜ ಹಾಕೀರಿ ಅಂತ ಕೇಳ್ಬೇಕ್ರಿ ಸಾಹೇಬ್ರ. ಮದ್ದಿನ ಮಾತ ಆಮ್ಯಾಲ.”

2022ರ ಮಳೆಗಾಲದ ನಂತರ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗದಿಂದ ತೊಗರಿ ಹೊಲಹೊಲವೇ ಒಣಗಿದ್ದನ್ನು ಅವರು ಕಂಡವರು. ನೆಟೆ ರೋಗವನ್ನು ತಡೆಯುವ ತಳಿಯೆಂದು 1986ರಲ್ಲಿ ಬಂದ ಮಾರುತಿಗೆ ಐಸಿಪಿ 8863 ಎಂದು ನಂಬರು. ಅದು ನೆಟೆಯನ್ನು ತಡೆಯುತ್ತದೆ, ಆದರೆ ಗೊಡ್ಡು ರೋಗವನ್ನು ತಡೆಯುವುದಿಲ್ಲ. ಆದ್ದರಿಂದ ಬೀಜದ ನಂಬರು ತಿಳಿದರೆ ಆ ಹೊಲ ಯಾವ ರೋಗಕ್ಕೆ ಬಾಗಿಲು ತೆರೆದಿದೆಯೆಂದು ಗಿಡವನ್ನು ನೋಡುವ ಮೊದಲೇ ಅರ್ಧ ತಿಳಿಯಿತು.

ನಮ್ಮ ಕಾಫಿಯ ಕಥೆ ಬೇರೆಯೇ? 1911ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರು ತಮ್ಮ ತೋಟದಲ್ಲಿ ಎಲೆತುಕ್ಕು ತಗಲದ ಗಿಡವೊಂದನ್ನು ಆಯ್ದು ಬೆಳೆಸಿದರು. ಕೆಂಟ್ಸ್ ಕಾಫಿಯೆಂದು ಎಲ್ಲರೂ ನೆಟ್ಟರು. ಕೆಲವು ವರ್ಷಗಳ ನಂತರ ಅದಕ್ಕೂ ತುಕ್ಕು ಹಿಡಿಯಿತು. ಗಿಡ ಕೆಟ್ಟಿರಲಿಲ್ಲ, ತುಕ್ಕಿನ ಶಿಲೀಂಧ್ರದಲ್ಲಿ ಬೇರೆ ಬೇರೆ ಪಂಗಡಗಳಿವೆ, ಕೆಂಟ್ಸ್ ತಡೆಯುತ್ತಿದ್ದುದು ಒಂದನ್ನು ಮಾತ್ರ ಎಂದು 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿದ್ದ ಮೇಯ್ನ್ ತೋರಿಸಿಕೊಟ್ಟರು. ಆಮೇಲೆ ಎಸ್. 795 ಬಂತು, ಕಾವೇರಿ ಬಂತು. 1980ರ ದಶಕದಲ್ಲಿ ತುಕ್ಕೇ ಇಲ್ಲವೆಂದು ಕಾವೇರಿ ನೆಟ್ಟವರು ಇಂದು ಅದೇ ಗಿಡಕ್ಕೆ ಬೋರ್ಡೋ ಹೊಡೆಯುತ್ತಿದ್ದಾರೆ. ಗಿಡ ಅದೇ, ರೋಗ ಹೊಸ ವಿದ್ಯೆ ಕಲಿತಿದೆ. ಜಾಲತಾಣದ ತಂತ್ರಾಂಶದ ಸಂಗತಿಯೂ ಹೀಗೆಯೇ ಎಂದು ನಮಗೆ ಮನವರಿಕೆಯಾದದ್ದು ಆ ತೊಗರಿ ಹೊಲದಲ್ಲಿ.

ತಂತ್ರಾಂಶವೆಂದರೆ ಏನೆಂದು ಒಂದೆರಡು ಮಾತು. ಸಂಘದ ಜಾಲತಾಣವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿ ಬರೆದುಕೊಡುವುದಿಲ್ಲ. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಾಲ್ ಎಂಬಂಥ ಸಿದ್ಧ ಚೌಕಟ್ಟುಗಳಿವೆ. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ವರ್ಡ್‌ಪ್ರೆಸ್ ಒಂದರ ಮೇಲೆಯೇ ನಿಂತಿವೆ. ಆ ಚೌಕಟ್ಟಿಗೆ ದರಪಟ್ಟಿ ತೋರಿಸಲು ಒಂದು, ಫೋಟೋ ತೋರಿಸಲು ಒಂದು, ಅರ್ಜಿ ತುಂಬಿಸಲು ಒಂದು ಎಂದು ಬಿಡಿಭಾಗಗಳನ್ನು ಜೋಡಿಸುತ್ತಾರೆ. ಇವಕ್ಕೆ ಪ್ಲಗಿನ್ ಎಂದು ಹೆಸರು. ಚೌಕಟ್ಟಿಗೂ ಪ್ರತಿಯೊಂದು ಪ್ಲಗಿನ್‌ಗೂ ಒಂದೊಂದು ಆವೃತ್ತಿಯ ನಂಬರಿರುತ್ತದೆ. (ನಮ್ಮ ಸಂಘದ್ದು ಯಾವ ಚೌಕಟ್ಟು ಎಂದು ಇಲ್ಲಿ ಬರೆಯುವುದಿಲ್ಲ. ಮನೆಯ ಬೀಗ ಯಾವ ಕಂಪನಿಯದೆಂದು ಪತ್ರಿಕೆಯಲ್ಲಿ ಹಾಕುವವರುಂಟೆ?)

ಇಂಥ ತಂತ್ರಾಂಶದಲ್ಲಿ ಎಲ್ಲಾದರೂ ಒಂದು ತೂತು ಕಂಡುಬಂದರೆ, ಕಂಡವರು ತಯಾರಕರಿಗೆ ತಿಳಿಸುತ್ತಾರೆ, ತಯಾರಕರು ಅದನ್ನು ಮುಚ್ಚಿ ಹೊಸ ನಂಬರಿನ ಆವೃತ್ತಿ ಬಿಡುತ್ತಾರೆ. ಆ ತೂತಿಗೂ ಒಂದು ನಂಬರು ಕೊಟ್ಟು ಬಹಿರಂಗ ಪಟ್ಟಿಯೊಂದಕ್ಕೆ ಸೇರಿಸಲಾಗುತ್ತದೆ. ಸಿವಿಇ ಎಂಬ ಈ ಪಟ್ಟಿಯನ್ನು 1999ರಲ್ಲಿ ಅಮೆರಿಕದ ಮೈಟರ್ ಸಂಸ್ಥೆ ಆರಂಭಿಸಿತು. ಯಾವ ತಂತ್ರಾಂಶ, ಯಾವ ನಂಬರಿನಿಂದ ಯಾವ ನಂಬರಿನವರೆಗೆ ತೂತು, ಯಾವ ನಂಬರಿನಲ್ಲಿ ಮುಚ್ಚಿದೆ ಎಂಬ ವಿವರ ಅಲ್ಲಿರುತ್ತದೆ, ಸಾಮಾನ್ಯವಾಗಿ 10ಕ್ಕೆ ಇಷ್ಟು ಎಂದು ಅಪಾಯದ ಅಂಕವೂ ಸಿಗುತ್ತದೆ. ಒಂಬತ್ತು ದಾಟಿದರೆ ಆ ದಿನವೇ ಕೈಯಲ್ಲಿರುವ ಕೆಲಸ ಬಿಟ್ಟು ನೋಡಬೇಕಾದ್ದು. ನಮ್ಮ ದೇಶದಲ್ಲಿ 2004ರಿಂದ ಇರುವ ಸರ್ಟ್-ಇನ್ ಎಂಬ ಕೇಂದ್ರ ಸರಕಾರದ ಸಂಸ್ಥೆಯೂ ಇಂಥ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಇವೆಲ್ಲ ಉಚಿತ, ಯಾರು ಬೇಕಾದರೂ ಓದಬಹುದು.

ಯಾರು ಬೇಕಾದರೂ ಎಂದರೆ ಕಳ್ಳನೂ ಓದಬಹುದು. 2017ರ ಜನವರಿ 26ರಂದು ವರ್ಡ್‌ಪ್ರೆಸ್‌ನವರು 4.7.2 ಎಂಬ ಆವೃತ್ತಿ ಬಿಟ್ಟರು. ಅದಕ್ಕೆ ಹಿಂದಿನ 4.7 ಮತ್ತು 4.7.1ರಲ್ಲಿ, ಹೊರಗಿನ ಯಾರಾದರೂ ಗುಪ್ತಪದವಿಲ್ಲದೆ ಪುಟಗಳನ್ನು ತಿದ್ದಬಹುದಾದ ತೂತಿತ್ತು. ಜನರು ಹೊಸದನ್ನು ಹಾಕಿಕೊಳ್ಳಲಿ ಎಂದು ಸುಮಾರು ಒಂದು ವಾರ ಬಾಯಿ ಬಿಡದೆ, ಫೆಬ್ರವರಿ 1ರಂದು ವಿಷಯವನ್ನು ಬಹಿರಂಗಪಡಿಸಿದರು. ಅದಾಗಿ ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಕಿಡಿಗೇಡಿಗಳು ಕೆಡಿಸಿದರು. ಹಾಳಾದವೆಲ್ಲ ಹೊಸ ನಂಬರು ಹಾಕಿಕೊಳ್ಳದ ತಾಣಗಳು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 4.7ಕ್ಕಿಂತ ಹಳೆಯದಿದ್ದವರಿಗೆ ಈ ತೂತಿನ ಕಾಟವೇ ಇರಲಿಲ್ಲ. ಹೊಸದು ಎಂದಮಾತ್ರಕ್ಕೆ ಭದ್ರವಲ್ಲ, ಹಳೆಯದು ಎಂದಮಾತ್ರಕ್ಕೆ ಸಡಿಲವೂ ಅಲ್ಲ. ನಂಬರನ್ನು ಪಟ್ಟಿಯ ಪಕ್ಕದಲ್ಲಿಟ್ಟು ನೋಡದೆ ತಿಳಿಯುವುದಿಲ್ಲ.

2020ರ ಸೆಪ್ಟೆಂಬರಿನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಇನ್ನೂ ಘೋರವಾದ ತೂತು ಸಿಕ್ಕಿತು. ಏಳು ಲಕ್ಷ ತಾಣಗಳಲ್ಲಿ ಬಳಕೆಯಲ್ಲಿದ್ದ ಅದನ್ನು 6.9ನೇ ಆವೃತ್ತಿಯಲ್ಲಿ ಮುಚ್ಚಿದರು. ಅಲ್ಲಿ ಚೌಕಟ್ಟು ಗಟ್ಟಿಯಾಗಿಯೇ ಇತ್ತು, ಜೋಡಿಸಿದ ಬಿಡಿಭಾಗ ಹುಳುಕಾಗಿತ್ತು.

ಇದೆಲ್ಲ ದೊಡ್ಡವರ ಕಷ್ಟ, ತಾಲೂಕಿನ ಸಂಘವೊಂದರ ತಾಣವನ್ನು ಯಾರು ಹುಡುಕಿಕೊಂಡು ಬಂದಾರು ಎಂದು ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದರು. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ಯಾರೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲವೆಂಬುದು ನಿಜವೇ. ಕಳ್ಳನ ಯಂತ್ರ ಹಗಲಿರುಳು ತಾಣದಿಂದ ತಾಣಕ್ಕೆ ಹೋಗಿ ಪ್ಲಗಿನ್ನಿನ ನಂಬರು ಕೇಳುತ್ತದೆ, ತೂತಿನ ನಂಬರಾದರೆ ಒಳನುಗ್ಗುತ್ತದೆ. ಅದಕ್ಕೆ ನಮ್ಮ ಸಂಘದ ಹೆಸರೂ ಗೊತ್ತಿಲ್ಲ. ಕೊಳೆರೋಗ ಬರುವಾಗ ಇದು ಎರಡೆಕರೆಯವರ ತೋಟ, ಬಿಡೋಣ ಎಂದು ಯೋಚಿಸುತ್ತದೆಯೆ?

ಸಹಕಾರ ಕ್ಷೇತ್ರದವರಾದ ನಾವು ಮರೆಯಬಾರದ ಪ್ರಕರಣ 2024ರದು. ಸಿ-ಎಡ್ಜ್ ಟೆಕ್ನಾಲಜೀಸ್ ಎಂಬುದು ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಕಂಪನಿ. ಅದರ ವ್ಯವಸ್ಥೆಗೆ ಸುಲಿಗೆ ತಂತ್ರಾಂಶ, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್, ತಗಲಿರಬಹುದೆಂದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಜುಲೈ 31ರಂದು ಪ್ರಕಟಿಸಿ, ಆ ಕಂಪನಿಯ ಸಂಪರ್ಕವನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣದ ಪಾವತಿ ನಿಂತಿತು. ಮರುದಿನ ಸಂಪರ್ಕ ಮತ್ತೆ ಜೋಡಿಸಿದರು. ದಾರಿ ಎಲ್ಲಿಂದಾಯಿತೆಂದು ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಭದ್ರತಾ ಕಂಪನಿ ಪರಿಶೀಲಿಸಿ ವರದಿ ಬರೆಯಿತು. ಅದರ ಪ್ರಕಾರ ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯಲ್ಲಿ, ಸರಿಯಾಗಿ ಭದ್ರಪಡಿಸದೆ ಬಿಟ್ಟಿದ್ದ ಜೆಂಕಿನ್ಸ್ ಎಂಬ ತಂತ್ರಾಂಶವೇ ಮೊದಲ ಬಾಗಿಲು. ಅದರ ತೂತಿಗೆ ಸಿವಿಇ-2024-23897 ಎಂದು ನಂಬರು. ಜೆಂಕಿನ್ಸ್ ತಯಾರಕರು ಅದನ್ನು ಮುಚ್ಚಿ ಹೊಸ ಆವೃತ್ತಿ ಬಿಟ್ಟದ್ದು 2024ರ ಜನವರಿ 24ರಂದು. ದಾಳಿ ಬೆಳಕಿಗೆ ಬಂದದ್ದು ಜುಲೈ ಕೊನೆಗೆ. ಆರು ತಿಂಗಳು! ಮದ್ದು ಅಂಗಡಿಯಲ್ಲಿತ್ತು, ಗಿಡಕ್ಕೆ ಬೀಳಲಿಲ್ಲ.

ಆ ಬ್ಯಾಂಕುಗಳ ಒಬ್ಬ ಗುಮಾಸ್ತನಾದರೂ ಜೆಂಕಿನ್ಸ್ ಹೆಸರು ಕೇಳಿದ್ದನೋ ಇಲ್ಲವೋ. ತನ್ನ ಕೈಯಲ್ಲಿಲ್ಲದ, ಕಣ್ಣಿಗೆ ಕಾಣದ, ಮೂರನೆಯವರ ಅಂಗಳದ ತೂತು ನಮ್ಮಂಥವರ ಕೌಂಟರನ್ನು ಮುಚ್ಚಿಸಿತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಯಂತ್ರ ಬಂದ ಮೇಲೆ ಅದರ ನಂಬರು ನೋಡುವವರು ಯಾರೆಂಬ ಪ್ರಶ್ನೆಗೆ ಪ್ರತಿ ಸಂಘವೂ ಒಂದು ಹೆಸರು ಹೇಳಬೇಕಾಗುತ್ತದೆ.

ಮತ್ತೆ ಹೊಲಕ್ಕೆ ಬರೋಣ. ಹುಡುಗ ಅಲ್ಲೇ, ಬದುವಿನ ಮೇಲೆ ಕುಳಿತು, ಮೊಬೈಲಿನಿಂದಲೇ ತಾಣದ ಆಡಳಿತ ವಿಭಾಗಕ್ಕೆ ಹೋಗಿ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಚೌಕಟ್ಟು ಇತ್ತೀಚಿನದೇ. ಪ್ಲಗಿನ್‌ಗಳು ಹನ್ನೊಂದು, ಯಾವುದಕ್ಕೂ ಅಪ್‌ಡೇಟ್ ಬಾಕಿ ಇಲ್ಲವೆಂದು ತೋರಿಸುತ್ತಿತ್ತು. ನಮಗೆ ಸಮಾಧಾನವಾಯಿತು. ಕೆಂಪು ಗುರುತು ಬಂದಾಗಲೆಲ್ಲ ತಪ್ಪದೆ ಅಪ್‌ಡೇಟ್ ಒತ್ತಿಸಿದ್ದೆವಲ್ಲ! ಆದರೆ ಆತ ಅಲ್ಲಿಗೆ ಬಿಡಲಿಲ್ಲ. ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ತೂತುಗಳ ಪಟ್ಟಿಯಲ್ಲಿ ಹುಡುಕುತ್ತ ಹೋದ. ಒಂಬತ್ತನೆಯದು ಸಿಕ್ಕಿತು. ವಾರ್ಷಿಕ ಮಹಾಸಭೆಯ ಫೋಟೋಗಳನ್ನು ಸಾಲಾಗಿ ತೋರಿಸಲು ತಾಣ ಮಾಡಿಕೊಟ್ಟವರು ಹಾಕಿದ್ದ ಸಣ್ಣ ಪ್ಲಗಿನ್ ಅದು. ಅದರಲ್ಲಿ ತೂತಿದೆಯೆಂದು ಎರಡು ವರ್ಷದ ಹಿಂದೆಯೇ ಪಟ್ಟಿಗೆ ಸೇರಿತ್ತು.

“ಹಂಗಿದ್ರ ಕೆಂಪು ಗುರುತು ಯಾಕ ಬರಲಿಲ್ಲ?” ಎಂದು ಹಿರಿಯರೇ ಕೇಳಿದರು. ನಾವು ಕೇಳಬೇಕಾದ ಪ್ರಶ್ನೆ.

ಉತ್ತರ ಸರಳ, ಆದರೆ ನಮಗೆ ಹೊಳೆದಿರಲಿಲ್ಲ. ಆ ಪ್ಲಗಿನ್ ಮಾಡಿದವರು ಕೆಲಸ ಬಿಟ್ಟಿದ್ದರು, ಹೊಸ ಆವೃತ್ತಿ ಬರಲೇ ಇಲ್ಲ. ಹೊಸದು ಇಲ್ಲದ ಮೇಲೆ ಅಪ್‌ಡೇಟ್ ಬಾಕಿ ಎಲ್ಲಿಂದ ಬರಬೇಕು? “ಬಾಕಿ ಇಲ್ಲ” ಎಂದರೆ ನಾವು “ರೋಗವಿಲ್ಲ” ಎಂದು ಓದಿಕೊಂಡಿದ್ದೆವು. ಅದರ ಅರ್ಥ “ಮದ್ದು ಬಂದಿಲ್ಲ” ಎಂದಷ್ಟೇ ಆಗಿರಬಹುದು. ಈ ಲೇಖನ ಬರೆಯಲು ಕಾರಣವೇ ಈ ಒಂದು ಮಾತು. ಗುಂಡಿ ಒತ್ತುವುದು ಬೇರೆ, ಪಟ್ಟಿ ನೋಡುವುದು ಬೇರೆ.

ಊರಿಗೆ ಮರಳಿ ಕಡತಗಳ ತಾರೀಖು ನೋಡಿದಾಗ, ಕಳ್ಳ ಇಟ್ಟುಹೋದ ಮೊದಲ ಕಡತಕ್ಕೆ ಹದಿನಾಲ್ಕು ತಿಂಗಳಾಗಿತ್ತು. ಅಷ್ಟು ಕಾಲ ಆತ ನಮ್ಮ ಅಟ್ಟದ ಮೇಲೆಯೇ ವಾಸವಿದ್ದ, ನಾವು ಕೆಳಗೆ ದರ ಬರೆಯುತ್ತಿದ್ದೆವು. ತಾಣದ ಪ್ರತಿ ತೆಗೆದಿಟ್ಟುಕೊಂಡಿದ್ದೇವೆಯೆ ಎಂದರೆ, ಬೀರುವಿನಲ್ಲಿ ಹಿಂದಿನ ಮಹಾಸಭೆಯ ಕಾಲದ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದರಲ್ಲೂ ಕಳ್ಳ ಇದ್ದ. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಕಟ್ಟಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ದರವನ್ನು ಹಿಂದಿನ ಕಾಲದಂತೆ ಕಚೇರಿಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದೆವು. ಹಿರಿಯ ಸದಸ್ಯರೊಬ್ಬರು ಇದೇ ಅನುಕೂಲ, ಹೀಗೇ ಇರಲಿ ಎಂದರು.

ನಮ್ಮ ತಪ್ಪನ್ನೂ ಬರೆದುಬಿಡುತ್ತೇವೆ. ತಾಣ ಮಾಡಿಕೊಟ್ಟವರು ಮೊದಲ ವರ್ಷದ ನಂತರ ನಿರ್ವಹಣಾ ಶುಲ್ಕ ಕೇಳಿದ್ದರು. ತಾಣ ಸರಿಯಾಗಿಯೇ ನಡೆಯುತ್ತಿದೆ, ಸುಮ್ಮನೆ ಯಾಕೆ ಕೊಡುವುದೆಂದು ನಾವೇ ಟಿಪ್ಪಣಿ ಬರೆದು ಮಂಡಳಿಗೆ ಕಳಿಸಿದ್ದೆವು. ಎರಡನೆಯದು, ತಾಣದೊಳಗೆ ಅಕ್ರಮ ಪ್ರವೇಶ ಕಂಡಾಗ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಹುಡುಗ ಹೊಲದಲ್ಲೇ ನೆನಪಿಸಿದ. ಸಂಘದ ಮರ್ಯಾದೆಯ ಪ್ರಶ್ನೆ, ಅಧ್ಯಕ್ಷರನ್ನು ಕೇಳೋಣ ಎಂದು ತಡೆದವರು ನಾವು. ವರದಿ ಹೋದದ್ದು ಮರುದಿನ ಬೆಳಿಗ್ಗೆ.

ಅಂದು ಹೊಲದಲ್ಲಿ ಮಾತು ಆಳಂದದ ಮತದಾರರ ಪಟ್ಟಿಯ ಕಡೆಗೂ ತಿರುಗಿತು. ಆ ಭಾಗದಲ್ಲಿ ಕಂಪ್ಯೂಟರ್ ಮೋಸವೆಂದರೆ ಜನಕ್ಕೆ ಮೊದಲು ನೆನಪಾಗುವುದು ಅದೇ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರೆಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. 5,994 ಅರ್ಜಿಗಳು ತಪ್ಪೆಂದು ಕಂಡು ಹೆಸರುಗಳನ್ನು ಉಳಿಸಿಕೊಂಡರು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. 2025ರಲ್ಲಿ ಅರ್ಜಿ ಹಾಕುವವರ ಗುರುತನ್ನು ಆಧಾರ್‌ಗೆ ಜೋಡಿಸಿದ ಮೊಬೈಲಿನ ಮೂಲಕ ಖಚಿತಪಡಿಸುವ ಇ-ಸಹಿ ಪದ್ಧತಿಯನ್ನು ಆಯೋಗ ತಂದಿತು. ಇದರ ರಾಜಕೀಯ ನಮ್ಮ ಪತ್ರಿಕೆಯ ವಿಷಯವಲ್ಲ, ಅದು ಆವೃತ್ತಿಯ ತೂತಿನ ಪ್ರಕರಣವೂ ಅಲ್ಲ. ನಮ್ಮ ಗಮನ ಸೆಳೆದದ್ದು ಇಷ್ಟೇ: ಪರದೆಯ ಮೇಲೆ ಅರ್ಜಿಗಳೆಲ್ಲ ಒಂದೇ ತರಹ ಕಂಡವು, ಪಟ್ಟಿ ಹಿಡಿದು ಒಂದೊಂದನ್ನೂ ವಿಚಾರಿಸಿದ ಮೇಲೆ ಸುಳ್ಳು ಸಿಕ್ಕಿತು.

ಈಗ ಸಂಘದಲ್ಲಿ ನಾವು ಮಾಡುತ್ತಿರುವ ವ್ಯವಸ್ಥೆ. ಮಂಡಳಿಯ ಠರಾವಿನ ಪ್ರಕಾರ ಪ್ರತಿ ತಿಂಗಳ ಮೊದಲ ಕೆಲಸದ ದಿನ ಒಂದು ರಿಜಿಸ್ಟರ್ ತುಂಬಬೇಕು. ತಂತ್ರಾಂಶದ ಹೆಸರು, ನಮ್ಮಲ್ಲಿರುವ ನಂಬರು, ತಯಾರಕರು ಬಿಟ್ಟಿರುವ ಇತ್ತೀಚಿನ ನಂಬರು, ಅದು ಬಿಡುಗಡೆಯಾದ ತಾರೀಖು, ತೂತುಗಳ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ, ನೋಡಿದವರ ಸಹಿ. ತಾರೀಖಿನ ಕಾಲಂ ನಮ್ಮ ಹುಡುಗನ ಸಲಹೆ. ತಯಾರಕರ ಕೊನೆಯ ಬಿಡುಗಡೆಯಾಗಿ ಒಂದು ವರ್ಷ ಕಳೆದಿದ್ದರೆ ಆ ಪ್ಲಗಿನ್ ಅನಾಥವಾಗಿದೆಯೆಂದು ಅನುಮಾನಿಸಿ ವಿಚಾರಿಸಬೇಕು. ಬೇಡದ ಪ್ಲಗಿನ್ ಸುಮ್ಮನೆ ನಿಲ್ಲಿಸಿಟ್ಟರೆ ಸಾಲದು, ಕಿತ್ತೇ ಹಾಕಬೇಕು, ಕಡತ ಅಲ್ಲಿದ್ದರೆ ತೂತೂ ಅಲ್ಲಿದ್ದಂತೆ. ಹನ್ನೊಂದರಲ್ಲಿ ಆರನ್ನು ಕಿತ್ತೆವು, ಯಾರಿಗೂ ಗೊತ್ತಾಗಲಿಲ್ಲ! ಈ ರಿಜಿಸ್ಟರನ್ನು ಮೈಲುತುತ್ತದ ದಾಸ್ತಾನು ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇವೆ, ಲೆಕ್ಕ ಪರಿಶೋಧಕರೂ ನೋಡುತ್ತಾರೆ.

ಚೌಕಟ್ಟಿಗೂ ಆಯುಷ್ಯವುಂಟು. ಡ್ರೂಪಾಲ್ 7ಕ್ಕೆ ತಯಾರಕರ ಆಸರೆ 2025ರ ಜನವರಿ 5ಕ್ಕೆ ಮುಗಿಯಿತು, ಜೂಮ್ಲಾ 3ಕ್ಕೆ 2023ರ ಆಗಸ್ಟಿನಲ್ಲೇ ಮುಗಿದಿದೆ. ಅವನ್ನು ಇನ್ನೂ ಇಟ್ಟುಕೊಂಡ ತಾಣಗಳಿಗೆ ಹೊಸ ತೂತು ಬಿದ್ದರೆ ಮುಚ್ಚುವ ಹೊಣೆ ತಯಾರಕರದ್ದಲ್ಲ. ತಾಣ ನಿಂತಿರುವ ಸರ್ವರಿನ ಪಿಎಚ್‌ಪಿ ಎಂಬ ತಂತ್ರಾಂಶಕ್ಕೂ ಹೀಗೆಯೇ ಗಡುವುಗಳಿವೆ. ಅದನ್ನು ಸರ್ವರ್ ಕೊಟ್ಟವರಿಂದ ಬರಹದಲ್ಲಿ ಕೇಳಿ ಪಡೆಯಬೇಕು.

ನಮ್ಮ ಸದಸ್ಯರಲ್ಲಿ ಹೋಮ್‌ಸ್ಟೇ ನಡೆಸುವವರು ಹಲವರಿದ್ದಾರೆ. ಕಾಫಿ ಪುಡಿ, ಕಾಳುಮೆಣಸು, ಜೇನನ್ನು ತಾಣದ ಮೂಲಕ ಮಾರುವವರೂ ಇದ್ದಾರೆ. ಅತಿಥಿಗಳ ಫೋನ್ ನಂಬರು, ಗುರುತಿನ ಚೀಟಿಯ ಪ್ರತಿ, ಮುಂಗಡದ ಹಣ ನಿಮ್ಮ ತಾಣದ ಮೂಲಕ ಹಾದುಹೋಗುತ್ತವೆ. ಮಗನೋ ಅಳಿಯನೋ ಐದು ವರ್ಷದ ಹಿಂದೆ ಮಾಡಿಕೊಟ್ಟು ಬೆಂಗಳೂರಿಗೆ ಹೋದ ತಾಣವಾದರೆ ಇಂದೇ ಅವನಿಗೆ ಫೋನ್ ಮಾಡಿ ಆಡಳಿತ ವಿಭಾಗದ ಗುಪ್ತಪದ ಯಾರಲ್ಲಿದೆ, ಚೌಕಟ್ಟಿನ ಮತ್ತು ಪ್ಲಗಿನ್‌ಗಳ ನಂಬರು ಏನು ಎಂದು ಕೇಳಿ. ಆ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ತಂದರೆ ನಮ್ಮ ಹುಡುಗ ಪಟ್ಟಿಯಲ್ಲಿ ನೋಡಿಕೊಡುತ್ತಾನೆ, ಶುಲ್ಕವಿಲ್ಲ. ಗುಪ್ತಪದ ಮಾತ್ರ ಅವನಿಗೂ ಹೇಳಬೇಡಿ, ನಮಗೂ ಹೇಳಬೇಡಿ. ಅಪ್‌ಡೇಟ್ ಒತ್ತುವ ಮೊದಲು ತಾಣದ ಒಂದು ಪ್ರತಿ ತೆಗೆದು ಬೇರೆ ಕಡೆ ಇಡಿ, ಹೊಸದು ಹೊಂದಿಕೊಳ್ಳದೆ ತಾಣ ನಿಂತುಹೋಗುವುದೂ ಉಂಟು. ಯಾರಾದರೂ ನಿಮ್ಮ ತಾಣದ ಹೆಸರಿನಲ್ಲಿ ಹಣ ಹೊಡೆದರೆ 1930 ನಂಬರಿಗೆ ಕೂಡಲೇ ಫೋನ್ ಮಾಡಿ, ಅಧ್ಯಕ್ಷರನ್ನು ಕೇಳುತ್ತ ಕೂರಬೇಡಿ.

ಕಿಣ್ಣಿ ಸುಲ್ತಾನದ ಹಿರಿಯರು ನಾವು ಹೊರಡುವಾಗ ಐದು ಸೇರು ತೊಗರಿಬೇಳೆ ಕಟ್ಟಿಕೊಟ್ಟರು. ಯಾವ ತಳಿಯೆಂದು ಕೇಳಿದ್ದಕ್ಕೆ ಬಹಳ ಸಂತೋಷಪಟ್ಟರು.

ಈ ತಿಂಗಳ ರಿಜಿಸ್ಟರಿನಲ್ಲಿ ಅರ್ಜಿ ತುಂಬಿಸುವ ಪ್ಲಗಿನ್‌ನ ಎದುರು ಕೆಂಪು ಮಸಿ ಬಿದ್ದಿದೆ. ತಯಾರಕರು ಹೊಸ ನಂಬರು ಬಿಟ್ಟಿದ್ದಾರೆ. ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ 7ರಿಂದ 8ರವರೆಗೆ ಸಂಘದ ಜಾಲತಾಣ ತೆರೆಯುವುದಿಲ್ಲ. ಅಂದಿನ ದರ ಬೇಕಾದವರು ಎಂಟರ ನಂತರ ನೋಡಬೇಕಾಗಿ, ಇಲ್ಲವೇ ಕಚೇರಿಗೆ ಬಂದು ಕಪ್ಪು ಹಲಗೆ ಓದಬೇಕಾಗಿ ಕೋರಿಕೆ.